ಓದಿದ ಮಗುವಿಗೆ ‘ಏನಂತ ಬರದಾರ?’ ಎಂದು ಕೇಳೋಣ



ಶಾಲೆಗಳು ತೆರೆದ ವಾರದ ಜುಮಾ ಖುತ್ಬಾದಲ್ಲಿ ಮಕ್ಕಳ ಓದಿನ ಕುರಿತು ನಾವು ಕೆಲವು ಮಾತು ಹೇಳಿದ್ದೆವು. ಸಮಯ ಸಾಲದೆ ಅಲ್ಲಿ ಬಿಟ್ಟುಹೋದುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ಆ ಖುತ್ಬಾಕ್ಕೆ ಕಾರಣವಾದ ಘಟನೆಯನ್ನು ಮೊದಲು ಹೇಳುತ್ತೇವೆ.

ನಮ್ಮ ಮಕ್ತಬ್‌ಗೆ ಬರುವ ಐದನೇ ತರಗತಿಯ ಹುಡುಗನೊಬ್ಬನ ತಂದೆ ಗೌಂಡಿ ಕೆಲಸ ಮಾಡುತ್ತಾರೆ. ಅವರಿಗೆ ಓದು ಬಾರದು. ಕಾರ್ಮಿಕರ ಕಾರ್ಡನ್ನು ನವೀಕರಿಸಿಕೊಳ್ಳಬೇಕೆಂಬ ಕಾಗದವೊಂದು ಅವರ ಕೈಗೆ ಬಂತು. ಮಗನನ್ನು ಕರೆದು ಓದಿಸಿದರು. ಹುಡುಗ ಎಲ್ಲಿಯೂ ತಡೆಯದೆ ಕೊನೆಯ ಸಾಲಿನವರೆಗೆ ಓದಿದ. “ಏನಂತ ಬರದಾರ ಇದರಾಗ?” ಎಂದು ತಂದೆ ಕೇಳಿದರು. ಹುಡುಗ ಮತ್ತೆ ಮೊದಲ ಸಾಲಿನಿಂದ ಓದತೊಡಗಿದ. ಮಗ ಚೆನ್ನಾಗಿ ಓದುತ್ತಾನೆಂದು ತಂದೆ ಸಂತೋಷಪಟ್ಟು ಕಾಗದವನ್ನು ಮಡಚಿ ಟ್ರಂಕಿನಲ್ಲಿಟ್ಟರು. ದಿನಾಂಕ ದಾಟಿದ ಮೇಲೆ ಬೇರೆಯವರಿಂದ ವಿಷಯ ತಿಳಿದು ನಮ್ಮ ಬಳಿ ಬಂದರು. ಕಾಗದದಲ್ಲಿ ಇದ್ದದ್ದು ಎರಡೇ ವಿಷಯ: ಯಾವ ದಿನದೊಳಗೆ ಬರಬೇಕು, ಯಾವ ದಾಖಲೆಗಳನ್ನು ತರಬೇಕು. ಅದೇ ವರ್ಷ ಮಕ್ತಬ್‌ನ ಜಲ್ಸಾದಲ್ಲಿ ವೇಗವಾಗಿ ಓದಿದ್ದಕ್ಕೆ ಆ ಹುಡುಗನಿಗೆ ಬಹುಮಾನ ಕೊಟ್ಟವರು ನಾವು. ಹಾಗಾಗಿ ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಇದು ಒಂದು ಮನೆಯ ಕಥೆಯಲ್ಲ. ‘ಅಸರ್’ ಎಂಬ ಶಿಕ್ಷಣ ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಎರಡನೇ ತರಗತಿಯ ಮಟ್ಟದ ಸಣ್ಣ ಪಾಠವನ್ನು ಮಕ್ಕಳಿಂದ ಓದಿಸುತ್ತಾರೆ. 2022ರ ವರದಿಯ ಪ್ರಕಾರ ಕರ್ನಾಟಕದ ಗ್ರಾಮೀಣ ಭಾಗದಲ್ಲಿ ಐದನೇ ತರಗತಿಯ 100 ಮಕ್ಕಳಲ್ಲಿ ಸುಮಾರು 30 ಮಕ್ಕಳು ಮಾತ್ರ ಅದನ್ನು ಓದಬಲ್ಲವರಾಗಿದ್ದರು. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದೂ ಇದಕ್ಕೆ ಒಂದು ಕಾರಣ. ಇದು ಕೇವಲ ಓದಿ ಹೇಳುವ ಲೆಕ್ಕ. ಓದಿದ್ದು ಎಷ್ಟು ಮಕ್ಕಳಿಗೆ ಅರ್ಥವಾಯಿತು ಎಂಬುದು ಬೇರೆ ಪ್ರಶ್ನೆ.

ತಡೆಯದೆ ಓದಿದರೂ ಅರ್ಥವಾಗದಿರುವುದು ಹೇಗೆ?

ಓದುವುದರಲ್ಲಿ ಎರಡು ಕೆಲಸಗಳಿವೆ. ಅಕ್ಷರವನ್ನು ಧ್ವನಿಯಾಗಿ ಮಾಡುವುದು ಒಂದು. ಆ ಧ್ವನಿಯಿಂದ ಮಾತನ್ನು ಹಿಡಿಯುವುದು ಇನ್ನೊಂದು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಕಾಗುಣಿತ, ಒತ್ತಕ್ಷರ ಕಲಿತ ಮಗು ಒಂದು ಪದದ ಅರ್ಥವನ್ನೂ ತಿಳಿಯದೆ ಇಡೀ ಪುಟವನ್ನು ಓದಬಲ್ಲದು. ಜೇರ್, ಜಬರ್, ಪೇಶ್ ಹಾಕಿದ ಕುರ್‌ಆನ್ ಪ್ರತಿಯನ್ನು ನಮ್ಮ ಮಕ್ಕಳು ಓದುವುದೂ ಹೀಗೆಯೇ.

ಉರ್ದು ಹಾಗಲ್ಲ. ಅಲಿಫ್ ಮತ್ತು ಸೀನ್ ಕೂಡಿಸಿ ಬರೆದರೆ ಅದು ‘ಇಸ್’ ಆಗಬಹುದು, ‘ಉಸ್’ ಕೂಡ ಆಗಬಹುದು. ವಾಕ್ಯ ಅರ್ಥವಾಗದಿದ್ದರೆ ಪದವನ್ನು ಸರಿಯಾಗಿ ಓದಲು ಬರುವುದಿಲ್ಲ. ಆದ್ದರಿಂದ ಅರ್ಥವಾಗದ ಮಗು ಉರ್ದುವಿನಲ್ಲಿ ತಡವರಿಸಿ ಸಿಕ್ಕಿಬೀಳುತ್ತದೆ. ಕನ್ನಡದಲ್ಲಿ ಸಿಕ್ಕಿಬೀಳುವುದಿಲ್ಲ. ಗಂಟಲು ಚೆನ್ನಾಗಿದ್ದರೆ ಅರ್ಥವಾಗದ ಸಂಗತಿ ವರ್ಷಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ನಾವು ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಇದರ ಜೊತೆಗೆ ಭಾಷೆಯ ತೊಡಕೂ ಇದೆ. ಸೇಡಂ, ಚಿತ್ತಾಪುರ, ಶಹಾಬಾದಗಳ ಎಷ್ಟೋ ಮನೆಗಳಲ್ಲಿ ಮಾತು ದಖ್ಖನಿ ಉರ್ದು. ಓಣಿಯಲ್ಲಿ ಕಲಬುರಗಿ ಕನ್ನಡ. ಪುಸ್ತಕದಲ್ಲಿ ಇನ್ನೊಂದು ಕನ್ನಡ. ಮಸೀದಿಯಲ್ಲಿ ಅರಬಿ. ಮನೆಯಲ್ಲಿ ‘ಬರ್ಸಾತ್’ ಎನ್ನುವ ಮಗುವಿಗೆ ‘ಮಳೆ’ ಗೊತ್ತು, ಆದರೆ ಪಾಠದ ‘ವರ್ಷಧಾರೆ’ ಗೊತ್ತಿಲ್ಲ. ಹಿರಿಯರ ಕಥೆ ಬೇರೆ. 1948ರ ಸೆಪ್ಟೆಂಬರ್‌ವರೆಗೆ ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಸರ್ಕಾರದ ಕಾಗದಪತ್ರಗಳು ಉರ್ದುವಿನಲ್ಲಿದ್ದವು. 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. ಅಜ್ಜ ಓದಿದ ಲಿಪಿಯೇ ಬೇರೆ, ಮೊಮ್ಮಗ ಓದುವ ಲಿಪಿಯೇ ಬೇರೆ ಆದ ಮನೆಗಳು ನಮ್ಮಲ್ಲಿ ಬಹಳ. ಮಗುವಿನ ಓದನ್ನು ಮನೆಯಲ್ಲಿ ಯಾರೂ ವಿಚಾರಿಸದಿರಲು ಇದೂ ಒಂದು ಕಾರಣ.

ದೀನ್ ನಮಗೆ ಕಲಿಸಿದ ಕ್ರಮ

ಪ್ರವಾದಿಯವರಿಗೆ(ಸ) ಇಳಿದ ಮೊದಲ ಆಜ್ಞೆ ‘ಓದು’ ಎಂಬುದು. ಇದನ್ನು ಪ್ರತಿ ಜಲ್ಸಾದಲ್ಲಿ ಹೇಳುತ್ತೇವೆ. ಆದರೆ ಸಹಾಬಿಗಳು ಹೇಗೆ ಓದಿದರು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ತಮಗೆ ಕುರ್‌ಆನ್ ಕಲಿಸಿದ ಸಹಾಬಿಗಳ ರೀತಿಯನ್ನು ತಾಬಿಈ ಅಬೂ ಅಬ್ದುರ್ರಹ್ಮಾನ್ ಸುಲಮಿಯವರು ತಿಳಿಸಿದ್ದಾರೆ. ಅವರು ಪ್ರವಾದಿಯವರಿಂದ(ಸ) ಹತ್ತು ಆಯತ್‌ಗಳನ್ನು ಕಲಿಯುತ್ತಿದ್ದರು. ಅವುಗಳ ತಿಳಿವಳಿಕೆ ಮತ್ತು ಆಚರಣೆ ಕಲಿಯುವವರೆಗೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ.

ಪ್ರವಾದಿಯವರು(ಸ) ಪ್ರಶ್ನೆ ಕೇಳಿಯೂ ಕಲಿಸುತ್ತಿದ್ದರು. ಎಲೆ ಉದುರದ, ಮುಸ್ಲಿಮನನ್ನು ಹೋಲುವ ಮರ ಯಾವುದೆಂದು ಒಮ್ಮೆ ಕೇಳಿದರು. ಸಭೆಯಲ್ಲಿದ್ದ ಎಳೆಯ ಅಬ್ದುಲ್ಲಾ ಬಿನ್ ಉಮರ್‌ಗೆ(ರ) ಅದು ಖರ್ಜೂರದ ಮರವೆಂದು ಹೊಳೆಯಿತು. ದೊಡ್ಡವರೆಲ್ಲ ಸುಮ್ಮನಿದ್ದುದರಿಂದ ಸಂಕೋಚಪಟ್ಟು ಹೇಳಲಿಲ್ಲ. ಆಮೇಲೆ ತಂದೆಗೆ ತಿಳಿಸಿದಾಗ, ಅಲ್ಲಿಯೇ ಹೇಳಿದ್ದರೆ ನನಗೆ ಎಷ್ಟೋ ಸಂತೋಷವಾಗುತ್ತಿತ್ತೆಂದು ಹಝ್ರತ್ ಉಮರ್(ರ) ಹೇಳಿದರು. ಉತ್ತರ ಗೊತ್ತಿದ್ದೂ ಹೆದರಿ ಸುಮ್ಮನಿರುವ ಮಕ್ಕಳು ನಮ್ಮ ಮನೆಯಲ್ಲೂ ಇದ್ದಾರೆ. ಹೇಳಿದರೆ ಸಂತೋಷಪಡುವ ತಂದೆಯನ್ನು ಅವರು ಕಾಣಬೇಕು.

ಅರ್ಥ ತಿಳಿಯದೆ ಮಾಡುವ ತಿಲಾವತ್ ವ್ಯರ್ಥವೆಂದು ಯಾರೂ ಭಾವಿಸಬಾರದು. ಅದರ ಪ್ರತಿ ಅಕ್ಷರಕ್ಕೂ ಪುಣ್ಯವಿದೆ. ತಡವರಿಸುತ್ತ ಕಷ್ಟಪಟ್ಟು ಓದುವವನಿಗೆ ಎರಡು ಪುಣ್ಯವೆಂದು ಹದೀಸ್‌ನಲ್ಲಿ ಬಂದಿದೆ. ಆದರೆ ಶಾಲೆಯ ಪಾಠ, ಔಷಧದ ಚೀಟಿ, ಕಚೇರಿಯ ಕಾಗದ ಇವುಗಳನ್ನು ಅರ್ಥಕ್ಕಾಗಿಯೇ ಓದಬೇಕು.

ಒಂದು ಸಣ್ಣ ಪಾಠ, ನಾಲ್ಕು ಪ್ರಶ್ನೆಗಳು

ಅರ್ಥಮಾಡಿಕೊಳ್ಳುವುದನ್ನು ಕಲಿಸುವುದು ಹೇಗೆ? ಮಕ್ತಬ್‌ನ ಮಕ್ಕಳಿಗಾಗಿ ನಾವು ಬರೆದುಕೊಂಡ ನಾಲ್ಕು ಸಾಲು ನೋಡಿ:

‘ಸಲ್ಮಾ ಬೆಳಿಗ್ಗೆ ಎದ್ದಾಗ ಅಂಗಳವೆಲ್ಲ ಒದ್ದೆಯಾಗಿತ್ತು. ಅಬ್ಬಾ ತೊಗರಿಯ ಚೀಲಗಳನ್ನು ಅವಸರದಿಂದ ಒಳಗೆ ತರುತ್ತಿದ್ದರು. ಅಮ್ಮಿ ಒಲೆಗೆ ಕಟ್ಟಿಗೆ ಹುಡುಕುತ್ತಿದ್ದರು. ಒಂದೂ ಒಣಗಿರಲಿಲ್ಲ.’

ಮೊದಲ ಪ್ರಶ್ನೆ: ಅಬ್ಬಾ ಏನು ತರುತ್ತಿದ್ದರು? ಉತ್ತರ ಸಾಲಿನಲ್ಲೇ ಇದೆ. ಬಹುಪಾಲು ಮಕ್ಕಳು ಹೇಳುತ್ತಾರೆ. ನಮ್ಮ ಪ್ರಶ್ನೆಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ.

ಎರಡನೆಯದು: ಅಮ್ಮಿಗೆ ಒಲೆ ಹಚ್ಚುವುದು ಏಕೆ ಕಷ್ಟವಾಯಿತು? ಇದಕ್ಕೆ ಎರಡು ಸಾಲು ಕೂಡಿಸಬೇಕು.

ಮೂರನೆಯದು: ರಾತ್ರಿ ಏನಾಗಿತ್ತು? ‘ಮಳೆ’ ಎಂಬ ಪದ ಪಾಠದಲ್ಲಿ ಎಲ್ಲಿಯೂ ಇಲ್ಲ. ಮಗು ‘ಮಳೆ ಬಂದಿತ್ತು’ ಎಂದರೆ ಅದು ಓದಿದೆ. ಪುಸ್ತಕದಲ್ಲಿ ಬೆರಳಿಟ್ಟು ಹುಡುಕುತ್ತಾ ಕುಳಿತರೆ ಇನ್ನೂ ಕಲಿಸಬೇಕು. ‘ಅಂಗಳ ಯಾವಾಗ ಒದ್ದೆ ಆಗ್ತದ?’ ಎಂದು ಕೇಳಿ. ತನ್ನ ಮನೆಯ ಅಂಗಳವನ್ನು ನೆನೆದು ತಾನೇ ಹೇಳುತ್ತದೆ.

ನಾಲ್ಕನೆಯದು: ತೊಗರಿ ನೆನೆದರೆ ಏನಾಗುತ್ತದೆ? ನೀನಿದ್ದರೆ ಏನು ಮಾಡುತ್ತಿದ್ದೆ? ಚಿಂಚೋಳಿಯ ರೈತರ ಮಗು ಇದಕ್ಕೆ ನಮಗಿಂತ ಚೆನ್ನಾಗಿ ಉತ್ತರಿಸುತ್ತದೆ. ತನ್ನ ಬದುಕಿನಲ್ಲಿ ಕಂಡದ್ದು ಪುಸ್ತಕವನ್ನು ತಿಳಿಯಲು ಬೇಕಾಗುತ್ತದೆ ಎಂಬುದು ಅದಕ್ಕೆ ಅಲ್ಲಿ ಗೊತ್ತಾಗುತ್ತದೆ.

ಪಾಠ ಯಾವುದೇ ಇರಲಿ, ಈ ನಾಲ್ಕು ಬಗೆಯ ಪ್ರಶ್ನೆಗಳನ್ನು ಕೇಳಬಹುದು. ಓದುವ ಮೊದಲು ಚಿತ್ರ, ತಲೆಬರಹ ನೋಡಿ ‘ಇದರಾಗ ಏನಿರಬಹುದು?’ ಎಂದು ಮಾತಾಡಿಸಿ. ಓದುವಾಗ ಮೂರು ನಾಲ್ಕು ಸಾಲಿಗೊಮ್ಮೆ ನಿಲ್ಲಿಸಿ ಕೇಳಿ. ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, ಕಥೆಯನ್ನು ತನ್ನ ಮಾತಿನಲ್ಲಿ ಹೇಳಿಸಿ. ಮೊದಲು ಮನೆಯ ಮಾತಿನಲ್ಲಿ ಹೇಳಲಿ, ಅದು ದಖ್ಖನಿಯಾದರೂ ಸರಿ. ಅರ್ಥ ಸಿಕ್ಕಿದ ಮೇಲೆ ಅದನ್ನೇ ಕನ್ನಡದಲ್ಲಿ ಹೇಳುವುದು ಸುಲಭ. ದಿನಕ್ಕೆ ಎರಡು ಮೂರು ಹೊಸ ಪದ ಸಾಕು. ಅವುಗಳನ್ನು ಅಂದೇ ಮನೆಯ ಮಾತಿನಲ್ಲಿ ಬಳಸಬೇಕು.

ಒಂದು ಎಚ್ಚರಿಕೆ. ಒಂದೊಂದೇ ಅಕ್ಷರ ಕೂಡಿಸಿ ಓದುವ ಮಗುವಿಗೆ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತುಹೋಗುತ್ತದೆ. ಅಂಥ ಮಗುವಿಗೆ ನೀವು ಓದಿ ಹೇಳಿ, ಅಕ್ಕ ಅಣ್ಣಂದಿರಿಂದ ಓದಿಸಿ. ಕೇಳಿದ್ದರ ಮೇಲೆ ಪ್ರಶ್ನೆ ಕೇಳಿ. ಜೊತೆಗೆ ಅದೇ ಪಾಠವನ್ನು ಎರಡು ಮೂರು ದಿನ ಓದಿಸಿದರೆ ನಾಲಿಗೆ ಸಡಿಲವಾಗುತ್ತದೆ. ಪುಸ್ತಕವನ್ನು ಕಣ್ಣಿಗೆ ತೀರ ಹತ್ತಿರ ಹಿಡಿಯುವ ಮಗುವನ್ನು ಬೈಯುವ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ.

ಓದು ಬಾರದ ತಾಯಿ ತಂದೆಯೂ ಕಲಿಸಬಲ್ಲರು

‘ಹಜರತ್, ನಮಗs ಓದಾಕ ಬರಂಗಿಲ್ಲ, ನಾವೇನು ಕಲಿಸೋದು?’ ಎಂದು ಖುತ್ಬಾದ ನಂತರ ಅನೇಕರು ಕೇಳಿದರು. ಅಕ್ಷರ ಕಲಿಸಲು ಅಕ್ಷರ ಬೇಕು. ಅರ್ಥ ಕೇಳಲು ಬೇಕಾದದ್ದು ಕಿವಿ ಮತ್ತು ತಾಳ್ಮೆ. ರೊಟ್ಟಿ ಬಡಿಯುತ್ತಲೇ ತಾಯಿ ‘ಇವತ್ತು ಏನು ಓದಿದಿ? ಮುಂದೇನಾತು? ಅವ ಹಂಗ್ಯಾಕ ಮಾಡಿದ?’ ಎಂದು ಕೇಳಬಹುದು. ಕಥೆ ಅರ್ಥವಾಗುವಂತೆ ಹೇಳಿದರೆ ಮಗುವಿಗೆ ಅರ್ಥವಾಗಿದೆ. ತಾಯಿಗೆ ಗೊಂದಲವಾದರೆ ಮಗುವಿಗೂ ಗೊಂದಲವಿದೆ.

ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, 9ನೇ ಶತಮಾನದಲ್ಲಿ, ಅಲ್ಲಿನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರಚನೆಯಾಯಿತು. ಪುಸ್ತಕ ಹಿಡಿದು ಓದದೆಯೂ ಕಾವ್ಯ ಬಲ್ಲ ಜನರೆಂದು ಆ ಗ್ರಂಥ ಕನ್ನಡಿಗರನ್ನು ಮೆಚ್ಚಿಕೊಂಡಿದೆ. ಕಾಗಿಣಾ ದಂಡೆಯ ಆ ಜನರ ಮಕ್ಕಳು ನಾವು. ಕಥೆ ಕೇಳಿ ಅದರ ತಿರುಳನ್ನು ಹಿಡಿಯುವ ಶಕ್ತಿ ಓದು ಬಾರದ ಅಜ್ಜಿಗೂ ಇದೆ. ಆ ಶಕ್ತಿಯನ್ನು ಮೊಮ್ಮಗಳ ಪುಸ್ತಕಕ್ಕೆ ಹಚ್ಚಬೇಕು.

ಪುಸ್ತಕ ಇಲ್ಲದಿದ್ದರೂ ಓದಲು ಬೇಕಾದಷ್ಟಿದೆ. ವಾಡಿ ಜಂಕ್ಷನ್ನಿನ ಫಲಕ, ಬಸ್ಸಿನ ಮೇಲಿನ ಊರು, ಸಿಮೆಂಟ್ ಚೀಲ, ಗುಳಿಗೆಯ ಪಾಕೀಟು, ಕರೆಂಟ್ ಬಿಲ್ಲು. ‘ಬಿಲ್ಲು ಎಷ್ಟು? ಯಾವಾಗಿನೊಳಗ ಕಟ್ಟಬೇಕು?’ ಎಂದು ಮಗುವಿಗೇ ಕೇಳಿ.

ಶಾಲೆ ಮತ್ತು ಮಕ್ತಬ್

ಶಾಲೆಗಳ ಗುರಿಯೂ ಇದೇ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆರಂಭಿಸಿದ ‘ನಿಪುಣ್ ಭಾರತ್’ ಕಾರ್ಯಕ್ರಮವು ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕೆನ್ನುತ್ತದೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ಇರುವ ‘ನಲಿ-ಕಲಿ’ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಅದರಲ್ಲಿ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಪಾಲಕರ ಸಭೆಗೆ ಹೋದಾಗ ಅಂಕಗಳನ್ನಷ್ಟೇ ಕೇಳಬೇಡಿ. ‘ಓದಿದ್ದನ್ನು ತನ್ನ ಮಾತಿನಲ್ಲಿ ಹೇಳುತ್ತಾನೆಯೇ?’ ಎಂದು ಗುರುಗಳನ್ನು ವಿನಯದಿಂದ ಕೇಳಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಹೆಣ್ಣುಮಕ್ಕಳ ಹೆಸರನ್ನೂ ಬರೆಸಿ.

ನಾವು ನಮ್ಮ ಮಕ್ತಬ್‌ನಲ್ಲಿ ಎರಡು ಬದಲಾವಣೆ ಮಾಡಿದ್ದೇವೆ. ಮಕ್ಕಳು ಕಂಠಪಾಠ ಮಾಡಿದ ಸಣ್ಣ ಸೂರಾಗಳ ಅರ್ಥವನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ತಿಳಿಸಿ, ಮರುದಿನ ಅವರಿಂದಲೇ ಹೇಳಿಸುತ್ತೇವೆ. ಪಾಠ ಮುಗಿದ ಮೇಲೆ ಹತ್ತು ನಿಮಿಷ ಶಾಲೆಯ ಕನ್ನಡ ಪುಸ್ತಕ ತೆರೆಸಿ ಆ ನಾಲ್ಕು ಬಗೆಯ ಪ್ರಶ್ನೆ ಕೇಳುತ್ತೇವೆ. ವೇಗದ ಓದಿಗೆ ಬಹುಮಾನ ನಿಲ್ಲಿಸಿದ್ದೇವೆ. ಮೊದಲ ವಾರಗಳಲ್ಲಿ ಮಕ್ಕಳು ಮುಖ ಮುಖ ನೋಡಿಕೊಂಡರು. ಈಗ ‘ಹಜರತ್, ಈ ಪದಕ್ಕೆ ಏನಂತಾರ?’ ಎಂದು ಅವರೇ ಕೇಳುತ್ತಾರೆ. ಕೆಲವು ಪದಗಳಿಗೆ ನಾವೂ ನಿಘಂಟು ನೋಡಬೇಕಾಗುತ್ತದೆ.

ಆ ಗೌಂಡಿಯ ಮಗ ಈಗ ಆರನೇ ತರಗತಿಯಲ್ಲಿದ್ದಾನೆ. ಕಳೆದ ತಿಂಗಳು ಶಾಲೆಯಿಂದ ತಂದ ಚೀಟಿಯನ್ನು ತಂದೆಗೆ ಓದಲಿಲ್ಲ. ಮೊದಲು ತಾನೊಬ್ಬನೇ ಸುಮ್ಮನೆ ಓದಿಕೊಂಡು, ಮಡಚಿ, ‘ಅಬ್ಬಾ, ಸೋಮವಾರ ಆಧಾರ್ ಕಾರ್ಡ್ ತಗೊಂಡು ನೀವು ಬರಬೇಕಂತ’ ಎಂದನಂತೆ. ತಂದೆ ಹೋಗಿ ಬಂದರು. ಅಲ್‌ಹಮ್ದುಲಿಲ್ಲಾಹ್.

ಇಂದು ರಾತ್ರಿ ನಿಮ್ಮ ಮಗು ಪುಸ್ತಕ ಹಿಡಿದು ಕುಳಿತಾಗ ಹತ್ತಿರ ಕೂಡಿ. ಓದಿದ ಮೇಲೆ ಪುಸ್ತಕ ಮುಚ್ಚಿಸಿ ‘ಏನಂತ ಬರದಾರ?’ ಎಂದು ಕೇಳಿ. ಉತ್ತರ ಬಾರದಿದ್ದರೆ ಸಿಟ್ಟಾಗಬೇಡಿ, ನಾಳೆಯೂ ಕೇಳಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿಯಾದ ಜ್ಞಾನವನ್ನೂ ಅದನ್ನು ಗ್ರಹಿಸುವ ಬುದ್ಧಿಯನ್ನೂ, ನಮಗೆ ತಾಳ್ಮೆಯನ್ನೂ ದಯಪಾಲಿಸಲಿ. ಆಮೀನ್.