ಹಂದಿಮಾಂಸದ ಮರೆಯಲ್ಲಿ ಬಂದ ಸಂತ

ವೆನಿಸ್‌ನ ಸಂತ ಮಾರ್ಕನ ಪ್ರಧಾನಾಲಯದಲ್ಲಿ ಸುಮಾರು 8,000 ಚದರ ಮೀಟರ್ ಮೊಸಾಯಿಕ್ ಇದೆ. ಈ ಬಂಗಾರದ ಬೆಡಗಿನ ಬುಡದಲ್ಲಿರುವುದು ಮಾತ್ರ ಅಪ್ಪಟ ಕಳ್ಳತನ. ವೆನಿಸ್‌ನವರು ಅದನ್ನು ಮುಚ್ಚಿಡಲಿಲ್ಲ, ಗೋಡೆಯ ಮೇಲೇ ಚಿತ್ರಿಸಿದರು!

ಚರ್ಚಿನ ಅಧಿಕಾರಕ್ಕಾಗಿ ನಡೆದಿದ್ದ ಜಗಳದಲ್ಲಿ, 827ರಲ್ಲಿ ಮಾಂಟುವಾ ಧರ್ಮಸಭೆ ವೆನಿಸ್‌ನ ಬದಲು ನೆರೆಯ ಅಕ್ವಿಲೇಯಾದ ಕಡೆಗೆ ವಾಲಿತ್ತು. ತನ್ನ ಚರ್ಚನ್ನು ಸ್ಥಾಪಿಸಿದವನು ಮಾರ್ಕನೇ ಎಂಬುದು ಆ ಊರಿನ ಹೆಗ್ಗಳಿಕೆ. ವೆನಿಸ್‌ಗೆ ಅಲ್ಲಿಯವರೆಗಿದ್ದ ರಕ್ಷಕ ಗ್ರೀಕರ ಸಂತ ಥಿಯೋಡೋರ್. ಈ ಜಟಾಪಟಿಯಲ್ಲಿ ಅವನ ತೂಕ ಸಾಲದು. ಮರುವರ್ಷವೇ ಬುವೋನೊ, ರುಸ್ಟಿಕೊ ಎಂಬಿಬ್ಬರು ವ್ಯಾಪಾರಿಗಳು ಅಲೆಕ್ಸಾಂಡ್ರಿಯದಿಂದ ಮಾರ್ಕನ ದೇಹವನ್ನೇ ಹೊತ್ತು ತಂದರು. ಎಂಥ ಕಾಕತಾಳೀಯ!

ಐತಿಹ್ಯದ ಪ್ರಕಾರ, ಸಮಾಧಿ ಕಾಯುವವರನ್ನು ಒಲಿಸಿಕೊಂಡು, ಮಾರ್ಕನ ಜಾಗದಲ್ಲಿ ಸಂತ ಕ್ಲಾಡಿಯಾಳ ದೇಹವನ್ನಿಟ್ಟರು. ಬಂದರಿನಲ್ಲಿ ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಬುಟ್ಟಿ ತೆರೆದು ತೋರಿಸಿದರು. ಮೇಲೆ ಹಂದಿಮಾಂಸ! ಮುಸ್ಲಿಂ ಅಧಿಕಾರಿಗಳು ಮುಖ ತಿರುಗಿಸಿದರು. ಪ್ರಧಾನಾಲಯದೊಳಗಿನ ಸಂತ ಕ್ಲೆಮೆಂಟನ ಪ್ರಾರ್ಥನಾಲಯದ ಮೊಸಾಯಿಕ್‌ನಲ್ಲಿ ‘ಹಂದಿ, ಹಂದಿ’ ಎಂಬ ಅವರ ಉದ್ಗಾರವನ್ನೂ ಅಕ್ಷರದಲ್ಲಿ ಬರೆಯಲಾಗಿದೆ.

ಇಷ್ಟು ಹಿಕಮತ್ತಿನಿಂದ ತಂದ ದೇಹವನ್ನು ಜೋಪಾನ ಮಾಡಲಾಗಲಿಲ್ಲ. 976ರ ಬೆಂಕಿಯ ನಂತರ ಅದು ಕಾಣೆಯಾಯಿತಂತೆ. 1094ರಲ್ಲಿ, ಈಗಿನ ಕಟ್ಟಡದ ಪ್ರತಿಷ್ಠಾಪನೆಯ ಹೊತ್ತಿಗೆ ಸರಿಯಾಗಿ, ಕಂಬವೊಂದರಲ್ಲಿ ಪ್ರತ್ಯಕ್ಷವಾಯಿತು. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಮುಂದಿನ ಶತಮಾನಗಳಲ್ಲಿ ಈ ಕಟ್ಟಡ ಡೋಜ್‌ನ, ಅಂದರೆ ವೆನಿಸ್‌ನ ಅಧಿಪತಿಯ, ಖಾಸಗಿ ಪ್ರಾರ್ಥನಾಲಯ, ಪ್ರಧಾನಾಲಯವೆನಿಸಿದ್ದು 1807ರಲ್ಲಷ್ಟೇ.

ನನಗೆ ಸಿಟ್ಟು ಬರುವುದು ಕಳ್ಳತನದ ಬಗ್ಗೆಯಲ್ಲ, ಮುಂಭಾಗದ ಮೊಸಾಯಿಕ್‌ಗಳ ಗತಿಯ ಬಗ್ಗೆ. ಈ ಸಾಹಸದ ಕತೆ ಹೇಳುತ್ತಿದ್ದ ಹಳೆಯ ಚಿತ್ರಗಳನ್ನು ತೆಗೆದು, ಆಯಾ ಕಾಲದ ರುಚಿಗೆ ತಕ್ಕಂತೆ ಹೊಸದನ್ನು ಕೂರಿಸುತ್ತ ಹೋದರು. 13ನೇ ಶತಮಾನದ್ದು ಉಳಿದಿರುವುದು ಎಡತುದಿಯ ಬಾಗಿಲಿನ ಮೇಲೆ, ಒಂದೇ ಒಂದು. ಮಿಕ್ಕವು ಹೇಗಿದ್ದವೆಂದು ತಿಳಿಯಲು ಜೆಂಟೀಲೆ ಬೆಲ್ಲಿನಿ 1496ರಲ್ಲಿ ಬರೆದ ಮೆರವಣಿಗೆಯ ಚಿತ್ರವನ್ನೇ ನೋಡಬೇಕು.

ಇದೇ ಮುಂಭಾಗದ ಮೇಲಿದ್ದ, ಕಾನ್‌ಸ್ಟಾಂಟಿನೋಪಲ್‌ನಿಂದ ಲೂಟಿ ಮಾಡಿ ತಂದಿದ್ದ ನಾಲ್ಕು ಕುದುರೆ ಪ್ರತಿಮೆಗಳನ್ನು 1797ರಲ್ಲಿ ನೆಪೋಲಿಯನ್ ಹೊಡೆದುಕೊಂಡು ಹೋದಾಗ ವೆನಿಸ್ ಗೋಳಾಡಿತು. 1815ರಲ್ಲಿ ವಾಪಸೂ ಪಡೆಯಿತು. ಮಾರ್ಕನ ಅವಶೇಷದ ಒಂದಂಶ ಈಜಿಪ್ಟಿಗೆ ಮರಳಿದ್ದು 1968ರಲ್ಲಿ, ಪೋಪ್ ಆರನೇ ಪಾಲ್ ಕಾಪ್ಟಿಕ್ ಚರ್ಚಿಗೆ ಒಪ್ಪಿಸಿದಾಗ. ಅದನ್ನಿಟ್ಟಿರುವುದು ಕೈರೋದಲ್ಲಿ, ಅಲೆಕ್ಸಾಂಡ್ರಿಯದಲ್ಲಲ್ಲ.