ಹಡಗಿನ ಲೆಕ್ಕ, ಹಸಿವಿನ ಲೆಕ್ಕ

ಉಗ್ರಾಣದಲ್ಲಿ ಅಕ್ಕಿ ಕಡಮೆಯಾದಾಗ ಗೃಹಿಣಿಯಾದವಳು ಎಲೆಯ ಮುಂದೆ ಕುಳಿತವರ ಮುಖವನ್ನು ನೋಡಿ ಬಡಿಸುತ್ತಾಳೆ. ದೇಶದ ಉಗ್ರಾಣದ ಬೀಗದ ಕೈ ಸಮುದ್ರದಾಚೆಯವರ ಬಳಿಯಲ್ಲಿದ್ದು, ಉಣ್ಣುವವರ ಮುಖವು ಅವರಿಗೆ ಕಾಣದಿದ್ದರೆ ಏನಾಗುವುದೆಂಬುದನ್ನು 1943ರ ಬಂಗಾಳದ ಕ್ಷಾಮವು ತೋರಿಸಿತು. ಆ ಕಾಲದಲ್ಲಿ ದೆಹಲಿಗೂ ಲಂಡನ್ನಿಗೂ ನಡುವೆ ಓಡಾಡಿದ ಪತ್ರಗಳೂ ತಂತಿಗಳೂ ಬಹುಕಾಲ ಗುಪ್ತವಾಗಿದ್ದು, 1970ರಿಂದ 1983ರವರೆಗೆ ಹನ್ನೆರಡು ಸಂಪುಟಗಳಾಗಿ ಬ್ರಿಟಿಷ್ ಸರಕಾರದಿಂದಲೇ ಪ್ರಕಟವಾದವು. ಅವುಗಳಲ್ಲಿ ಕಂಡುಬರುವ ಒಂದು ಸಂಗತಿಯನ್ನು ವಾಚಕರ ಮುಂದಿಡಬಯಸುತ್ತೇವೆ.

ಯುದ್ಧಕ್ಕೆ ಮೊದಲು ಬರ್ಮಾ ದೇಶದಿಂದ ಭಾರತಕ್ಕೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿ ಅಕ್ಕಿ ಬರುತ್ತಿತ್ತು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಗಲು ಆ ದಾರಿ ಮುಚ್ಚಿತು. ಮರುತಿಂಗಳಲ್ಲಿಯೇ ಜಪಾನೀ ನೌಕಾಪಡೆಯು ಬಂಗಾಳ ಕೊಲ್ಲಿಯನ್ನು ಹೊಕ್ಕು ಅನೇಕ ವ್ಯಾಪಾರದ ಹಡಗುಗಳನ್ನು ಮುಳುಗಿಸಿತು. ಶತ್ರುವಿಗೆ ವಾಹನಗಳು ಸಿಕ್ಕಬಾರದೆಂದು ಸರಕಾರವು ಬಂಗಾಳದ ಕರಾವಳಿಯಲ್ಲಿ ಹತ್ತು ಜನಕ್ಕಿಂತ ಹೆಚ್ಚು ಮಂದಿಯನ್ನು ಹೊರಬಲ್ಲ ದೋಣಿಗಳನ್ನು ಸಾವಿರಗಟ್ಟಲೆಯಾಗಿ ವಶಪಡಿಸಿಕೊಂಡಿತು, ಹಲವನ್ನು ನಾಶಪಡಿಸಿತು. ನದಿಗಳೇ ರಸ್ತೆಗಳಾದ ಆ ಸೀಮೆಯಲ್ಲಿ ಬೆಸ್ತರ ಜೀವನವೂ ಧಾನ್ಯದ ಸಾಗಾಟವೂ ಒಟ್ಟಿಗೇ ಕುಂಟಿದವು. ಅದೇ ವರ್ಷ ಅಕ್ಟೋಬರ್ 16ರಂದು ಮಿಡ್ನಾಪುರದ ಕಡೆ ಬೀಸಿದ ಚಂಡಮಾರುತವು ಪೈರನ್ನು ಹಾಳುಮಾಡಿತು. ಯುದ್ಧದ ವೆಚ್ಚಕ್ಕಾಗಿ ನೋಟುಗಳು ಹೆಚ್ಚಿದವು. ಪ್ರಾಂತಗಳು ತಮ್ಮ ತಮ್ಮ ಧಾನ್ಯವನ್ನು ತಡೆಹಿಡಿದವು. 1942ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮಣವೊಂದಕ್ಕೆ 13–14 ರೂಪಾಯಿಯಾಗಿದ್ದ ಅಕ್ಕಿಯ ಸಗಟು ಬೆಲೆಯು ಮುಂದಿನ ಆಗಸ್ಟಿನ ವೇಳೆಗೆ 37 ರೂಪಾಯಿಗೆ ಏರಿತು. ದಿನಗೂಲಿಯವನಿಗೆ ಈ ಬೆಲೆಯ ಅರ್ಥವೇನೆಂಬುದನ್ನು ಹೇಳಬೇಕಾಗಿಲ್ಲ.

ಇನ್ನು ಪತ್ರಗಳ ಕಡೆಗೆ ತಿರುಗೋಣ. 1943ರ ಜನವರಿಯಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಪ್ರಭುಗಳು ಭಾರತಮಂತ್ರಿ ಏಮರಿಯವರಿಗೆ ಬರೆದ ಪತ್ರವೊಂದಿದೆ. ಬಂಗಾಳಕ್ಕೇ ಕೊರತೆಯಾದರೂ ಸರಿಯೆ, ಸಿಂಹಳಕ್ಕಾಗಿ ಇನ್ನಷ್ಟು ಅಕ್ಕಿಯನ್ನು ಒದಗಿಸಲೇಬೇಕೆಂದು ಅಲ್ಲಿನ ಪ್ರಧಾನ ಸಚಿವ ಫಜ್ಲುಲ್ ಹಕ್ಕರಿಗೆ ತಾವು ತಿಳಿಸಿದುದಾಗಿ ಅದರಲ್ಲಿ ಹೇಳಿದ್ದಾರೆ. ಸಿಂಹಳವೂ ಬರ್ಮಾದ ಅಕ್ಕಿಯನ್ನು ಕಳೆದುಕೊಂಡಿತ್ತೆಂಬುದು ನಿಜವೆ. ಆದರೆ ಅದೇ ತಿಂಗಳು ಲಂಡನ್ನಿನಲ್ಲಿ ಪ್ರಧಾನಿ ಚರ್ಚಿಲ್ಲರು ಹಿಂದೂ ಮಹಾಸಾಗರದ ಹಡಗುಗಳಲ್ಲಿ ಬಹುಪಾಲನ್ನು ಅಟ್ಲಾಂಟಿಕ್ಕಿನ ಕಡೆಗೆ ತಿರುಗಿಸಲು ಅಪ್ಪಣೆಮಾಡಿದ್ದರು. ಒಂದು ಕಡೆ ಇರುವ ಅಕ್ಕಿಯನ್ನು ಹೊರಗೆ ಕಳುಹಿಸುವ ಒತ್ತಾಯ. ಇನ್ನೊಂದು ಕಡೆ ಧಾನ್ಯ ತರುವ ಹಡಗುಗಳ ಹಿಂತೆಗೆತ!

ಜುಲೈ ತಿಂಗಳಿನ ವೇಳೆಗೆ ವೈಸರಾಯರ ದನಿಯೇ ಬದಲಾಯಿಸಿತು. ಭಾರತಕ್ಕೆ ಐದು ಲಕ್ಷ ಟನ್ ಗೋಧಿ ಬೇಕೆಂದು ಅವರು ಬೇಡಿಕೊಂಡರು. ಏಮರಿಯವರೂ ಒತ್ತಾಯಿಸಿದರು. ಹಡಗುಗಳಿಲ್ಲವೆಂದು ಯುದ್ಧಸಾರಿಗೆಯ ಮಂತ್ರಿ ಲೆದರ್ಸ್ ಪ್ರಭುಗಳು ಹೇಳಿದರು. ಆಗಸ್ಟಿನಲ್ಲಿ ಯುದ್ಧ ಮಂತ್ರಿಮಂಡಲವು ಕೇಳಿದುದನ್ನು ಕೊಡದೆ, ಇರಾಕಿನ ಬಾರ್ಲಿಯನ್ನೂ ಸ್ವಲ್ಪ ಗೋಧಿಯನ್ನೂ ಮುಂದಿಟ್ಟು ತೃಪ್ತಿಪಟ್ಟಿತು. ಕಲ್ಕತ್ತೆಯ ಬೀದಿಗಳಲ್ಲಿ ಹಳ್ಳಿಗಾಡಿನಿಂದ ಬಂದವರು ಗಂಜಿಗಾಗಿ ಮೊರೆಯಿಡುತ್ತಿದ್ದ ದಿನಗಳವು. ಆ ತಿಂಗಳ 22ರಂದು ‘ಸ್ಟೇಟ್ಸ್‌ಮನ್’ ಪತ್ರಿಕೆಯು ಆ ದೃಶ್ಯಗಳ ಭಾವಚಿತ್ರಗಳನ್ನು ಅಚ್ಚುಮಾಡಿತು.

ಅಕ್ಟೋಬರಿನಲ್ಲಿ ವೈಸರಾಯ್ ಪದವಿಗೆ ಬಂದ ವೇವೆಲ್ಲರು ಒಂದು ವಾರದೊಳಗೆ ಕಲ್ಕತ್ತೆಗೆ ಹೋಗಿ, ಹಸಿದವರನ್ನು ಕಣ್ಣಾರೆ ಕಂಡು, ಧಾನ್ಯದ ಹಂಚಿಕೆಗೆ ಸೈನ್ಯವನ್ನು ನೇಮಿಸಿದರು. ಆಮೇಲೆ ಅವರು ಲಂಡನ್ನಿಗೆ ಕಳುಹಿಸಿದ ತಂತಿಗಳಲ್ಲಿ ಬೇಡಿಕೆಗಿಂತ ಕೋಪವೇ ಹೆಚ್ಚಾಗಿ ತೋರುತ್ತದೆ. ಕಡೆಗೆ 1944ರ ಏಪ್ರಿಲ್ 29ರಂದು ಚರ್ಚಿಲ್ಲರೇ ಆಸ್ಟ್ರೇಲಿಯದ ಗೋಧಿಯನ್ನು ಸಾಗಿಸಲು ಹಡಗುಗಳನ್ನು ಕೊಡಿರೆಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರಿಗೆ ಬರೆದರು. ಯುದ್ಧಕಾರ್ಯಕ್ಕೆ ಅಡ್ಡಿಯಾಗುವುದೆಂದು ಜೂನ್ ಮೊದಲ ದಿನ ಅಲ್ಲಿಂದಲೂ ನಿರಾಕರಣೆ ಬಂತು.

ಅಷ್ಟರಲ್ಲಿ ಹೊಸ ಬೆಳೆ ಕೈಗೆ ಬಂದಿತ್ತು. ಮರಣ ಮಾತ್ರ ನಿಲ್ಲಲಿಲ್ಲ. ಹಸಿವಿನಿಂದ ಸೊರಗಿದ ದೇಹಗಳನ್ನು ಮಲೇರಿಯವೂ ಕಾಲರವೂ ಸಿಡುಬೂ ಸುಲಭವಾಗಿ ಒಯ್ದವು. ಸರ್ ಜಾನ್ ವುಡ್‌ಹೆಡ್ಡರ ಅಧ್ಯಕ್ಷತೆಯ ವಿಚಾರಣಾ ಸಮಿತಿಯು 1945ರಲ್ಲಿ ಮೃತರನ್ನು ಸುಮಾರು 15 ಲಕ್ಷವೆಂದು ಎಣಿಸಿತು. ಈಚಿನ ಪಂಡಿತರಲ್ಲಿ ಹಲವರು 30 ಲಕ್ಷದ ಹತ್ತಿರವೆನ್ನುತ್ತಾರೆ.

ಹಡಗುಗಳ ಕೊರತೆ ಸುಳ್ಳಾಗಿತ್ತೆಂದು ನಾವು ಹೇಳುವುದಿಲ್ಲ. ಜರ್ಮನರ ಜಲಾಂತರ್ಗಾಮಿಗಳು ಅವುಗಳನ್ನು ಮುಳುಗಿಸುತ್ತಲೇ ಇದ್ದವು. ಆದರೆ ಇರುವ ಹಡಗುಗಳಲ್ಲಿ ಯಾರ ಸರಕು ಮೊದಲೆಂಬುದು ಸಮುದ್ರವು ಮಾಡಿದ ತೀರ್ಮಾನವಲ್ಲ, ಮಂತ್ರಾಲೋಚನೆಯ ಮೇಜಿನ ಬಳಿ ಮನುಷ್ಯರೇ ಮಾಡಿದುದು. ಆ ಮೇಜಿನ ಸುತ್ತ ಬಂಗಾಳದ ಹಳ್ಳಿಯವನೊಬ್ಬನೂ ಕುಳಿತಿರಲಿಲ್ಲ. ಆತನ ಪರವಾಗಿ ಹೋದುದು ಟನ್ನುಗಳ ಅಂಕಿ ಮಾತ್ರ. ಉಣ್ಣುವವರಿಗೆ ಉತ್ತರ ಹೇಳಬೇಕಾದವರ ಕೈಯಲ್ಲಿಯೇ ಉಗ್ರಾಣವಿರಬೇಕೆಂಬ ಮಾತು ಮನೆಯೊಳಗೆ ಎಷ್ಟು ಸತ್ಯವೊ ರಾಜ್ಯದೊಳಗೂ ಅಷ್ಟೇ ಸತ್ಯವೆಂಬುದನ್ನು ಈ ಹಳೆಯ ಕಾಗದಗಳು ನಮಗೆ ನೆನಪಿಸುತ್ತವೆ.