ಸುರುಳಿ ಕುಗ್ಗಿಸುವ ಸವಾಲು

ಕರ್ನಾಟಕ, ಆಂಧ್ರದ ವಿದ್ಯಾರ್ಥಿಗಳು ಕಟ್ಟಿದ ‘ಸ್ಟಡ್‌ಸ್ಯಾಟ್’ 2010ರಲ್ಲಿ ಕಕ್ಷೆ ಸೇರಿತು. ಅದರ ತೂಕ ಒಂದು ಕೆ.ಜಿ.ಗೂ ಕಡಿಮೆ. ಇಷ್ಟು ಪುಟ್ಟ ಉಪಗ್ರಹಗಳಲ್ಲಿ ಆಂಟೆನಾಗೆ ಜಾಗವೆಲ್ಲಿ?

ತಂತಿಯನ್ನು ಸ್ಪ್ರಿಂಗ್‌ನಂತೆ ಸುತ್ತಿದ ಸುರುಳಿ ಆಂಟೆನಾವನ್ನು 1946ರಲ್ಲಿ ರೂಪಿಸಿದವರು ಅಮೆರಿಕದ ಜಾನ್ ಕ್ರಾಸ್. ‘ಇದು ಕೆಲಸ ಮಾಡದು’ ಎಂದು ತಜ್ಞರೊಬ್ಬರು ಹೇಳಿದರೂ ಅವರು ಸುತ್ತಿಯೇ ನೋಡಿದರು. ಅದರಿಂದ ಹೊರಡುವ ಅಲೆ ತಿರುಗುತ್ತಾ ಸಾಗುತ್ತದೆ. ಹಾಗಾಗಿ ಉಪಗ್ರಹ ಗಿರಕಿ ಹೊಡೆದರೂ ಸಂಕೇತ ಸುಲಭಕ್ಕೆ ಕಡಿಯದು.

ತೊಡಕಿರುವುದು ಅಳತೆಯಲ್ಲಿ. ಸುರುಳಿಯ ಒಂದು ಸುತ್ತು ಸುಮಾರು ಒಂದು ತರಂಗಾಂತರದಷ್ಟಿರಬೇಕು. 435 ಮೆಗಾಹರ್ಟ್ಸ್‌ಗೆ ಅದು 69 ಸೆಂ.ಮೀ., ಅಂದರೆ 22 ಸೆಂ.ಮೀ. ಅಗಲದ ಸುರುಳಿ. ಕ್ಯೂಬ್‌ಸ್ಯಾಟ್‌ನ ಬದಿಯೇ 10 ಸೆಂ.ಮೀ.!

ತಂತಿಯನ್ನು ಸೆರಾಮಿಕ್ ದಿಂಡಿನ ಮೇಲೆ ಸುತ್ತಿದರೆ ಅಲೆಯ ವೇಗ ತಗ್ಗಿ, ತರಂಗಾಂತರ ಕುಗ್ಗಿ, ಸುರುಳಿಯೂ ಚಿಕ್ಕದಾಗುತ್ತದೆ. ಆದರೆ ಬ್ಯಾಂಡ್‌ವಿಡ್ತ್ ಕಿರಿದಾಗುತ್ತದೆ, ಸಂಕೇತದ ಬಲವೂ ಇಳಿಯುತ್ತದೆ. ಇನ್ನೊಂದು ದಾರಿ, ಸುರುಳಿಯನ್ನು ಮಡಚಿಟ್ಟು ಕಕ್ಷೆಯಲ್ಲಿ ಬಿಚ್ಚುವುದು. ಬಿಚ್ಚದಿದ್ದರೆ? ರಿಪೇರಿಗೆ ಯಾರೂ ಹೋಗಲಾರರು. ವರ್ಷಗಳ ಶ್ರಮ ಮೂಕ ಡಬ್ಬಿಯಾಗಿ ಸುತ್ತುತ್ತಿರುತ್ತದೆ.

ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಕ್ಯಾಮೆರಾ, ಪ್ರೊಸೆಸರ್ ಎಲ್ಲ ಆದ ಮೇಲೆ ನಮಗೆ ಆಂಟೆನಾ ನೆನಪಾಗುತ್ತದೆ. ಮೊದಲ ದಿನವೇ ಅದಕ್ಕೆ ಜಾಗ ಬಿಡೋಣ. ತೆಗೆದ ಚಿತ್ರ ಎಷ್ಟೇ ಚೆನ್ನಾಗಿರಲಿ, ಭೂಮಿಗೆ ತಲುಪದಿದ್ದರೆ ಏನು ಪ್ರಯೋಜನ?